ಸಾಕಿದವಳ ಹೆಸರು ಎಲ್ಲಿದೆ?

1

ತಾಯಿಯ ಮೇಲೆ ಕನ್ನಡದಲ್ಲಿ ಪದ್ಯಗಳಿಗೆ ಬರವಿಲ್ಲ. ತಾಯಿ ದೇವರು, ತಾಯಿ ಭೂಮಿ, ತಾಯಿ ನುಡಿ ಎಂದು ಹಾಡಿದ್ದೇ ಹಾಡಿದ್ದು. ಆದರೆ ತಾಯ್ತನಕ್ಕೂ ಒಂದು ಚರಿತ್ರೆ ಇದೆ ಎಂಬುದನ್ನು ನಮ್ಮ ಪಂಡಿತರು ಒಪ್ಪಿಕೊಂಡಂತೆ ಕಾಣುವುದಿಲ್ಲ. ಹೆತ್ತ ಮಗುವನ್ನು ತಾನೇ ಸಾಕುವ ಅವಕಾಶ ಯಾವ ಹೆಂಗಸಿಗೆ ಇತ್ತು, ಯಾರಿಗೆ ಇರಲಿಲ್ಲ? ಆ ಅವಕಾಶ ಕೊಟ್ಟವರು ಯಾರು, ಕಿತ್ತುಕೊಂಡವರು ಯಾರು? ಹೆತ್ತವಳು ದೂರವಾದಾಗ ಆ ಕೂಸಿನ ಕುಂಡಿ ತೊಳೆದು, ಉಣಿಸಿ, ಮಲಗಿಸಿದವಳು ಯಾರು? ಅವಳ ಹೆಸರನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ? ಹೀಗೆ ಕೇಳಿದ ಕೂಡಲೇ ತಾಯಿಯ ಪದ್ಯಗಳೆಲ್ಲ ತೊದಲತೊಡಗುತ್ತವೆ.

ಈ ಪ್ರಶ್ನೆಗಳನ್ನು ರಾಯಚೂರಿನಲ್ಲಿ ನಿಂತು ಕೇಳುವುದಕ್ಕೆ ಕಾರಣವಿದೆ. ಮುಂಬಯಿಯಿಂದ ಬಂದ ರೈಲು ಹಳಿಯೂ ಮದ್ರಾಸಿನಿಂದ ಬಂದ ರೈಲು ಹಳಿಯೂ ಕೂಡಿಕೊಂಡದ್ದು 1871ರಲ್ಲಿ, ಇದೇ ರಾಯಚೂರಿನಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1869ರಲ್ಲಿ, ಸುಯೆಜ್ ಕಾಲುವೆ ತೆರೆದಿತ್ತು. ಒಳನಾಡಿನ ಬಂಗಲೆಗಳಿಂದ ಮುಂಬಯಿಯ ಹಡಗುಕಟ್ಟೆಗೆ, ಅಲ್ಲಿಂದ ಯುರೋಪಿಗೆ ಬಿಳಿಯರ ಮಕ್ಕಳನ್ನು ಸಾಗಿಸುವ ದಾರಿ ಸಲೀಸಾಯಿತು. ಇವತ್ತು ಅದೇ ಹಳಿಯ ಮೇಲೆ ದೇವದುರ್ಗ, ಮಾನ್ವಿ ತಾಲ್ಲೂಕಿನ ಕೂಲಿಗಳು ಪುಣೆ, ಮುಂಬಯಿಗೆ ಗುಳೆ ಹೋಗುತ್ತಾರೆ. ಆಗ ಮಗು ಹೋಗುತ್ತಿತ್ತು, ತಾಯಿ ಉಳಿಯುತ್ತಿದ್ದಳು. ಈಗ ತಾಯಿ ಹೋಗುತ್ತಾಳೆ, ಮಗು ಉಳಿಯುತ್ತದೆ. ಮೊದಲನೆಯ ಅಗಲಿಕೆಗೆ ಯುರೋಪಿನಲ್ಲಿ ಪತ್ರದ ಕಟ್ಟುಗಳಿವೆ, ದಿನಚರಿಗಳಿವೆ, ಸಂಶೋಧನೆಯ ಗ್ರಂಥಗಳಿವೆ. ಎರಡನೆಯದಕ್ಕೆ ಶಾಲೆಯ ಹಾಜರಿ ಪುಸ್ತಕದ ಗೈರುಹಾಜರಿ ಬಿಟ್ಟರೆ ಬೇರೆ ದಾಖಲೆಯಿಲ್ಲ.

ಹಾಗಾದರೆ ಬಿಳಿ ಮಿಷನರಿಗಳ ಸಂಸಾರದ ಕಥೆ ನಮಗ್ಯಾಕೆ ಎಂದು ಗೆಳೆಯರು ಕೇಳಬಹುದು. ದಾಖಲೆ ಇರುವ ಮನೆಯನ್ನು ಮೊದಲು ಹೊಕ್ಕು ನೋಡಿದರೆ, ದಾಖಲೆ ಇಲ್ಲದ ಮನೆಯಲ್ಲಿ ಏನನ್ನು ಹುಡುಕಬೇಕೆಂದು ತಿಳಿಯುತ್ತದೆ. ಅಷ್ಟಕ್ಕಾಗಿ.

2

ನಮ್ಮ ಜಿಲ್ಲೆಗೆ ಪಾದ್ರಿಗಳು ಹೊಸಬರಲ್ಲ. ಮುದಗಲ್ಲಿಗೆ 16ನೇ ಶತಮಾನದಲ್ಲೇ, ಆದಿಲಶಾಹಿ ಕಾಲದಲ್ಲಿ, ಗೋವೆಯ ಕಡೆಯಿಂದ ಜೆಸ್ವಿಟ್ ಪಾದ್ರಿಗಳು ಬಂದಿದ್ದರು. ಅವರು ಬ್ರಹ್ಮಚಾರಿಗಳು. ಹೆಂಡತಿ ಮಕ್ಕಳ ಪ್ರಶ್ನೆ ಇರಲಿಲ್ಲ. ಸಂಸಾರ ಕಟ್ಟಿಕೊಂಡು ಬಂದವರು ಪ್ರಾಟೆಸ್ಟಂಟ್ ಮಿಷನರಿಗಳು. ಲಂಡನ್ ಮಿಷನ್ 1810ರಲ್ಲಿ ಬಳ್ಳಾರಿಗೆ ಬಂತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂತು. ರಾಯಚೂರು, ಯಾದಗಿರಿ, ಬೀದರದ ಕಡೆ ಆಮೇಲೆ ಅಮೆರಿಕದ ಮೆಥೊಡಿಸ್ಟರು ಬಂದರು. ಇವರಲ್ಲಿ ಮನೆಯೊಳಗಿನ ಬದುಕನ್ನು ಬೇಕಾದಷ್ಟು ಕಾಗದದ ಮೇಲೆ ಬಿಟ್ಟುಹೋದವರು ಬಾಸೆಲ್ ಮಿಷನ್ನಿನವರು. ಆದ್ದರಿಂದ ನಾವು ರಾಯಚೂರಿನಿಂದ ಸ್ವಲ್ಪ ಹೊತ್ತು ಕರಾವಳಿಗೆ ಹೋಗಿಬರಬೇಕು.

ಈ ಮಿಷನ್ನಿನ ಜುಟ್ಟು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಒಂದು ಕಮಿಟಿಯ ಕೈಯಲ್ಲಿತ್ತು. ಮಿಷನರಿ ಯಾವ ಊರಲ್ಲಿರಬೇಕು ಎಂಬುದಷ್ಟೇ ಅಲ್ಲ, ಮದುವೆಯಾಗಬೇಕಾದರೂ ಕಮಿಟಿಯ ಅಪ್ಪಣೆ ಬೇಕು. ಕೆಲಸಕ್ಕೆ ಬಂದು ಒಂದೆರಡು ವರ್ಷ ಕಳೆದ ಮೇಲೆ ಆತ ಅರ್ಜಿ ಹಾಕಿಕೊಳ್ಳಬೇಕು. ಕಮಿಟಿ ಒಪ್ಪಿದರೆ ಜರ್ಮನಿಯ ಅಥವಾ ಸ್ವಿಟ್ಜರ್‌ಲೆಂಡಿನ ಯಾವುದೋ ಭಕ್ತರ ಮನೆಯ ಹುಡುಗಿಯನ್ನು ಗೊತ್ತುಮಾಡಿ ಹಡಗು ಹತ್ತಿಸುತ್ತಿದ್ದರು. ಎಷ್ಟೋ ಮದುವಣಗಿತ್ತಿಯರು ಗಂಡನ ಮುಖವನ್ನು ಮೊದಲು ಕಂಡದ್ದು ಈ ದೇಶದ ಬಂದರಿನಲ್ಲಿ ಇಳಿದ ಮೇಲೆ! ನಮ್ಮ ಹಳ್ಳಿಯ ಮದುವೆಗಳನ್ನು ಕಂಡು ಮರುಕಪಟ್ಟವರ ಮದುವೆಗಳೂ ಹಿರಿಯರ ಪಂಚಾಯತಿಯಲ್ಲೇ ಆಗುತ್ತಿದ್ದವು ಎಂಬುದನ್ನು ನೆನಪಿಡೋಣ.

ಮಕ್ಕಳ ಮೇಲೂ ಅದೇ ಕಮಿಟಿಯ ಕೈ. 1853ರಲ್ಲಿ ಅದು ಒಂದು ಕಟ್ಟಳೆ ಮಾಡಿತು. ಮಿಷನರಿಗಳ ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ, ಅಂದರೆ ಸುಮಾರು ಆರು ವರ್ಷಕ್ಕೆ, ಯುರೋಪಿಗೆ ಬರಬೇಕು. ಅವರಿಗಾಗಿ ಬಾಸೆಲ್ಲಿನಲ್ಲಿ ಮಕ್ಕಳ ಮನೆ ತೆರೆದರು. ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ. ಅಪ್ಪ ಅವ್ವ ಇಲ್ಲಿ, ಮಕ್ಕಳು ಅಲ್ಲಿ. ನಡುವೆ ಹಡಗಿನಲ್ಲಿ ಬರುವ ಪತ್ರ. ಮತ್ತೆ ಮುಖ ನೋಡುವುದು ಹತ್ತು ವರ್ಷಕ್ಕೋ ಹನ್ನೆರಡು ವರ್ಷಕ್ಕೋ. ನೋಡದೇ ಸತ್ತ ತಾಯಂದಿರೂ ಇದ್ದರು, ನೋಡದೇ ಸತ್ತ ಮಕ್ಕಳೂ ಇದ್ದರು.

ಇದಕ್ಕೆ ಎರಡು ಕಾರಣಗಳಿದ್ದವು. ಒಂದು, ಇಲ್ಲಿಯ ಹವೆ ಮತ್ತು ರೋಗ. ಇದು ಸುಳ್ಳಲ್ಲ. ನಮಗೆಲ್ಲ ಗೊತ್ತಿರುವ ಕಿಟೆಲ್‌ನನ್ನೇ ತೆಗೆದುಕೊಳ್ಳಿ. ಆತ 1860ರಲ್ಲಿ ಪೌಲೀನ್ ಐಟ್ ಎಂಬಾಕೆಯನ್ನು ಮದುವೆಯಾದ. ನಾಲ್ಕೇ ವರ್ಷಕ್ಕೆ, 1864ರಲ್ಲಿ, ಆಕೆ ಚಿಕ್ಕ ಮಕ್ಕಳನ್ನು ಬಿಟ್ಟು ತೀರಿಕೊಂಡಳು. ಮುಂದೆ ಆಕೆಯ ಸೋದರಿಯನ್ನೇ ಆತ ಮದುವೆಯಾಗಬೇಕಾಯಿತು. 1894ರಲ್ಲಿ ಬಂದ ಆತನ ನಿಘಂಟಿನ ಸುಮಾರು ಎಪ್ಪತ್ತು ಸಾವಿರ ಶಬ್ದಗಳನ್ನು ಎಣಿಸುವವರು ಈ ಸಾವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯ ಕಾರಣ ನಮಗೆ ಸಂಬಂಧಪಟ್ಟದ್ದು. ಇಲ್ಲಿಯ ಆಯಾಗಳ, ಕೆಲಸದವರ ಸಹವಾಸದಲ್ಲಿ ಮಗು ಕೆಟ್ಟುಹೋದೀತು ಎಂಬ ಭಯ. ಮಗು ಮೊದಲು ಕಲಿಯುತ್ತಿದ್ದದ್ದು ಆಯಾಳ ಮಾತು. ಅಪ್ಪ ಅವ್ವನ ಜರ್ಮನ್ ಬಾಯಿಗೆ ಬರುವ ಮೊದಲು ಕನ್ನಡವೋ ಮಲಯಾಳವೋ ಬರುತ್ತಿತ್ತು. ಆಯಾಳ ಕಥೆ, ಆಯಾಳ ದೆವ್ವ, ಆಯಾಳ ದೇವರು ಮಗುವಿನ ತಲೆ ಹೊಗುತ್ತಿದ್ದವು. ನಮ್ಮ ಆತ್ಮಗಳನ್ನು ಉದ್ಧಾರ ಮಾಡಲು ಬಂದವರು ತಮ್ಮ ಮಕ್ಕಳ ಆತ್ಮ ನಮ್ಮ ಹೆಂಗಸರ ಮಡಿಲಲ್ಲಿ ಹಾಳಾಗುತ್ತದೆಂದು ಹೆದರಿದರು. ಮಗು ಸಾಕಲು ಆ ಕೈ ಬೇಕು, ಆ ಕೈಯ ಸಂಸ್ಕಾರ ಬೇಡ. ಇದನ್ನು ನಾವು ಎಲ್ಲೋ ಕೇಳಿದ್ದೇವಲ್ಲವೇ? ಗೌಡರ ಮನೆಯ ಬಾಣಂತನಕ್ಕೆ ಕೇರಿಯ ಸೂಲಗಿತ್ತಿ ಬೇಕು, ಅವಳು ಹೋದ ಮೇಲೆ ಮನೆ ತೊಳೆಯಲು ಗಂಜಲ ಬೇಕು. ಬಿಳಿಯರ ಬಂಗಲೆಗೂ ಗೌಡರ ವಾಡೆಗೂ ಈ ವಿಷಯದಲ್ಲಿ ದೂರ ಬಹಳವಿರಲಿಲ್ಲ.

3

ಒಂದೇ ಮನೆತನದ ಮೂರು ತಲೆಮಾರನ್ನು ನೋಡಿದರೆ ಈ ಕಟ್ಟಳೆ ಏನು ಮಾಡಿತೆಂದು ಕಾಣುತ್ತದೆ.

ಹರ್ಮನ್ ಗುಂಡರ್ಟ್ 1836ರಲ್ಲಿ ಭಾರತಕ್ಕೆ ಬಂದ ಜರ್ಮನ್ ಪಂಡಿತ. 1838ರಲ್ಲಿ ಜ್ಯೂಲಿ ದುಬುವಾ ಎಂಬ ಫ್ರೆಂಚ್ ಮಾತಿನ ಸ್ವಿಸ್ ಹೆಣ್ಣುಮಗಳನ್ನು ಮದುವೆಯಾಗಿ ಅದೇ ವರ್ಷ ಇಬ್ಬರೂ ಮಂಗಳೂರಿಗೆ ಬಂದು ಬಾಸೆಲ್ ಮಿಷನ್ ಸೇರಿದರು. ಮರುವರ್ಷ ತಲಶ್ಶೇರಿಗೆ ಹೋದರು. ಆತನ ಮಲಯಾಳಂ ನಿಘಂಟು 1872ರಲ್ಲಿ ಬಂತು. ಜ್ಯೂಲಿ ತಲಶ್ಶೇರಿಯಲ್ಲಿ ಬಡ ಹೆಣ್ಣುಮಕ್ಕಳ ಶಾಲೆ, ಅನಾಥಾಲಯ ನಡೆಸಿದಳು. ಊರಿನ ಅನಾಥ ಹುಡುಗಿಯರಿಗೆ ಆಕೆ ಅಮ್ಮ.

ಇವರ ಮಗಳು ಮರೀ ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. 1840ರ ದಶಕದ ನಡುವೆ ಗುಂಡರ್ಟ್ ದಂಪತಿ ಯುರೋಪಿಗೆ ಹೋಗಿ ಹಿಂದಿರುಗುವಾಗ ನಾಲ್ಕು ವರ್ಷದ ಆಸುಪಾಸಿನ ಈ ಹುಡುಗಿಯನ್ನು ಅಲ್ಲೇ ಬಿಟ್ಟು ಬಂದರು. ಆಗ 1853ರ ಕಟ್ಟಳೆ ಇನ್ನೂ ಬಂದಿರಲಿಲ್ಲ. ರೂಢಿ ಇತ್ತು. ಕಟ್ಟಳೆ ಆ ರೂಢಿಗೆ ಮುದ್ರೆ ಒತ್ತಿತು ಅಷ್ಟೇ. ಮರೀ ಬೇರೆಯವರ ಮನೆಗಳಲ್ಲಿ, ವಸತಿಶಾಲೆಗಳಲ್ಲಿ ಬೆಳೆದಳು. 1857ರಲ್ಲಿ, ಹದಿನೈದನೇ ವಯಸ್ಸಿಗೆ ತಿರುಗಿ ಇಲ್ಲಿಗೆ ಬಂದಾಗ ಅವಳಿಗೆ ಅಪ್ಪ ಅವ್ವ ಅಂದರೆ ಪತ್ರದ ಅಕ್ಷರ ಮಾತ್ರ. ನೂರಾರು ಅನಾಥ ಮಕ್ಕಳ ಬಗ್ಗೆ ಯೋಚಿಸಿದ ಮನೆಯ ಸ್ವಂತ ಮಗಳು ಹತ್ತು ವರ್ಷಕ್ಕೂ ಮೇಲೆ ಅನಾಥಳಂತೆ ಬೆಳೆದಳು. ಇದನ್ನು ಹೇಳುವಾಗ ಜ್ಯೂಲಿಯನ್ನು ಹೀಯಾಳಿಸುವ ಆಸೆ ನಮಗಿಲ್ಲ. ಮಗಳನ್ನು ಬಿಟ್ಟು ಹಡಗು ಹತ್ತಿದ ತಾಯಿಯ ಹೊಟ್ಟೆಯ ಉರಿ ಯಾವ ಬಣ್ಣದ್ದಾದರೂ ಉರಿಯೇ. ಆದರೆ ಆ ಉರಿಗೆ ಆಕೆಯ ಧರ್ಮ ಒಂದು ಹೆಸರು ಕೊಟ್ಟಿತ್ತು: ತ್ಯಾಗ. ಆ ಹೆಸರಿನಿಂದಾಗಿ ಅದನ್ನು ಪತ್ರದಲ್ಲಿ ಬರೆಯಲು ಬಂತು, ಪ್ರಾರ್ಥನೆಯಲ್ಲಿ ಹೇಳಲು ಬಂತು, ಪುಸ್ತಕ ಮಾಡಲು ಬಂತು.

ಮರೀ 1865ರಲ್ಲಿ ಚಾರ್ಲ್ಸ್ ಇಸೆನ್‌ಬರ್ಗ್ ಎಂಬ ಮಿಷನರಿಯನ್ನು ಮದುವೆಯಾದಳು. ಹೈದರಾಬಾದಿನಲ್ಲಿ ಸಂಸಾರ. ನಮ್ಮ ನಿಜಾಮನ ಹೈದರಾಬಾದಲ್ಲ, ಸಿಂಧದ ಹೈದರಾಬಾದು. ಎರಡು ಗಂಡುಮಕ್ಕಳಾದ ಮೇಲೆ 1870ರಲ್ಲಿ ಗಂಡ ಸತ್ತ. ಇಪ್ಪತ್ತೆಂಟರ ವಿಧವೆ ಎರಡು ಕೂಸು ಕಟ್ಟಿಕೊಂಡು ಜರ್ಮನಿಯ ಕಾಲ್ವ್ ಎಂಬ ಊರಿನಲ್ಲಿದ್ದ ಅಪ್ಪ ಅವ್ವನ ಮನೆ ಸೇರಿದಳು. ಮಗಳನ್ನು ಸಾಕಲಾಗದೆ ಹೋದ ಜ್ಯೂಲಿಗೆ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಸರದಿ ಬಂತು. ಎಷ್ಟೋ ಮಿಷನರಿ ಮನೆಗಳಲ್ಲಿ ಹೀಗೇ ಆಯಿತು. ನಡುವಿನ ತಲೆಮಾರು ಸಮುದ್ರದಾಚೆ ಕಳೆದುಹೋಗಿ, ಅಜ್ಜ ಅಜ್ಜಿಯೇ ಮನೆಯಾದರು.

ಪಶ್ಚಿಮ ಕರಾವಳಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಆರೋಗ್ಯ ಕೆಟ್ಟು 1873ರಲ್ಲಿ ಹಿಂದಿರುಗಿದ ಯೋಹಾನೆಸ್ ಹೆಸ್ಸೆ ಎಂಬಾತ ಗುಂಡರ್ಟ್‌ಗೆ ಸಹಾಯಕನಾಗಿ ಬಂದ. 1874ರಲ್ಲಿ ಮರೀಗೂ ಆತನಿಗೂ ಮದುವೆ. 1877ರಲ್ಲಿ ಹುಟ್ಟಿದ ಅವರ ಮಗನೇ ಹರ್ಮನ್ ಹೆಸ್ಸೆ. ಮುಂದೆ 1946ರಲ್ಲಿ ನೊಬೆಲ್ ಬಹುಮಾನ ಪಡೆದ ಕಾದಂಬರಿಕಾರ. ಈ ಹುಡುಗ ಹಟಮಾರಿ. ಅಪ್ಪ ಅವ್ವನ ಕೈಗೆ ಸಿಗಲಿಲ್ಲ. 1884ರಲ್ಲಿ ಸಂಸಾರ ಬಾಸೆಲ್ಲಿನಲ್ಲೇ ಇತ್ತು. ಆದರೂ ಹುಡುಗನನ್ನು ಅದೇ ಊರಿನ ಮಿಷನ್ ಹುಡುಗರ ಮನೆಗೆ ಹಾಕಿದರು. ಭಾನುವಾರ ಮಾತ್ರ ಮನೆ. ಸಮುದ್ರ ನಡುವೆ ಇಲ್ಲದಿದ್ದರೂ ಅಗಲಿಸುವ ಅಭ್ಯಾಸ ಉಳಿದಿತ್ತು. ತಾನು ನಾಲ್ಕರಲ್ಲಿ ಅನುಭವಿಸಿದ್ದನ್ನು ಮರೀ ತನ್ನ ಮಗನಿಗೆ ಏಳರಲ್ಲಿ ಕೊಟ್ಟಳು.

ಆ ಹುಡುಗನಿಗೆ ಆಸರೆಯಾದವನು ಅಜ್ಜ. ಕಾಲ್ವ್‌ನ ಮನೆಯಲ್ಲಿ ಅಜ್ಜನ ಓದುವ ಕೋಣೆಯಲ್ಲಿ ತಾಳೆಗರಿ, ವಿಗ್ರಹ, ಹತ್ತಾರು ಭಾಷೆಯ ಪುಸ್ತಕ. ಅವ್ವನೂ ಅಜ್ಜನೂ ಇಲ್ಲಿಯ ಮಾತುಗಳಲ್ಲಿ ಮಾತಾಡಿಕೊಳ್ಳುತ್ತಿದ್ದರು. 1892ರಲ್ಲಿ ಹದಿನಾಲ್ಕರ ಹುಡುಗ ಮೌಲ್‌ಬ್ರೋನ್ ಎಂಬ ದೇವಜ್ಞಾನದ ಶಾಲೆಯಿಂದ ಓಡಿಹೋಗಿ ಸಿಕ್ಕಿಬಿದ್ದ. ಮನೆಯೆಲ್ಲ ಕಂಗಾಲು. ಶಿಕ್ಷೆಗೆ ಹೆದರಿ ಅಜ್ಜನ ಮುಂದೆ ನಿಂತರೆ ಅಜ್ಜ ಬೈಯಲಿಲ್ಲ, ನಗೆಚಾಟಿಕೆ ಮಾಡಿ ಬಿಟ್ಟ. ಮಗಳಿಗೆ ಕೊಡಲಾಗದ ಸಲಿಗೆಯನ್ನು ಮೊಮ್ಮಗನಿಗೆ ಕೊಟ್ಟ. ಮರುವರ್ಷ ಅಜ್ಜ ತೀರಿಕೊಂಡ. 1902ರಲ್ಲಿ ಮರೀ ಸತ್ತಾಗ ಇದೇ ಮಗ ಮಣ್ಣಿಗೆ ಹೋಗಲಿಲ್ಲ. ಅಗಲಿಕೆಯನ್ನು ಕಲಿಸಿದ ಮನೆಗೆ ಮಗ ಒಪ್ಪಿಸಿದ ಪಾಠ ಅದು.

ಹೆಸ್ಸೆಯ 1922ರ ‘ಸಿದ್ಧಾರ್ಥ’ ಕಾದಂಬರಿಯಲ್ಲಿ ಮಗ ಅಪ್ಪನನ್ನು ಬಿಟ್ಟು ಹೋಗುತ್ತಾನೆ, ಮುಂದೆ ಅವನ ಮಗ ಅವನನ್ನು ಬಿಟ್ಟು ಹೋಗುತ್ತಾನೆ. ಲೇಖಕನ ಮನೆಯ ಗಾಯ ಅಲ್ಲಿ ಕಾಣುತ್ತದೆ. ಆದರೆ ಒಂದನ್ನು ಗಮನಿಸಿ. ಮೂರು ತಲೆಮಾರಿಗೆ ಭಾರತವನ್ನು ಮೊದಲು ಉಣಿಸಿದವರು ಆಯಾಗಳು, ಅಡುಗೆಯವರು, ಕೆಲಸದವರು. ಕಾದಂಬರಿಯ ನಾಯಕನಾದವನು ಮಾತ್ರ ಬ್ರಾಹ್ಮಣನ ಮಗ!

4

ಈಗ ಆಯಾಳ ಕಡೆಗೆ ಬರೋಣ.

ಬಿಳಿಯರ ಮನೆಯ ಎಂಜಲು ತೊಳೆಯಲು, ಮಕ್ಕಳ ಹೇಲು ಉಚ್ಚೆ ಬಳಿಯಲು ಮೇಲ್ಜಾತಿಯ ಹೆಂಗಸರು ಬರುತ್ತಿರಲಿಲ್ಲ. ಬಹುಮಟ್ಟಿಗೆ ಅದು ಕೇರಿಯ ಹೆಣ್ಣುಮಕ್ಕಳ, ಬಡ ಮುಸಲ್ಮಾನರ, ಹೊಸದಾಗಿ ಕ್ರೈಸ್ತರಾದವರ ಪಾಲಿಗೆ ಬಂದ ಕೆಲಸ. ಅವಳಿಗೂ ಮಕ್ಕಳಿದ್ದವು. ಬಂಗಲೆಯ ಮಗುವನ್ನು ಸಾಕುವ ಹೊತ್ತಿನಲ್ಲಿ ಆ ಮಕ್ಕಳನ್ನು ನೋಡಿಕೊಂಡವರು ಯಾರು? ಅವಳ ತಾಯಿ, ಇಲ್ಲವೇ ಅತ್ತೆ. ಒಬ್ಬ ಮಿಷನರಿ ತಾಯಿ ಮಿಷನ್ ಕೆಲಸಕ್ಕೆ ಹೊರಡಬೇಕಾದರೆ ಅವಳ ಹಿಂದೆ ಒಬ್ಬ ಆಯಾ, ಆ ಆಯಾಳ ಹಿಂದೆ ಕೇರಿಯ ಗುಡಿಸಲಲ್ಲಿ ಒಬ್ಬ ಮುದುಕಿ ಬೇಕಿತ್ತು. ಮಿಷನ್ನಿನ ವರದಿಯಲ್ಲಿ ಮೊದಲಿನವಳ ಹೆಸರಿದೆ. ಎರಡನೆಯವಳು ‘ನಮ್ಮ ಆಯಾ’. ಮೂರನೆಯವಳಿಗೆ ಅಷ್ಟೂ ಇಲ್ಲ. ಆ ಕಾಲದ ಬಂಗಲೆಗಳ ಫೋಟೋಗಳಲ್ಲೂ ಇದೇ ನ್ಯಾಯ. ತೊಡೆಯ ಮೇಲಿನ ಬಿಳಿ ಕೂಸಿನ ಹೆಸರು ಕೆಳಗೆ ಬರೆದಿರುತ್ತದೆ, ಎತ್ತಿಕೊಂಡವಳಿಗೆ ‘ಆಯಾ’ ಎಂಬ ಕಸುಬಿನ ಹೆಸರೇ ಗತಿ.

ಕೆಲವು ಆಯಾಗಳು ಬಿಳಿಯರ ಮಕ್ಕಳನ್ನು ನೋಡಿಕೊಳ್ಳುತ್ತಾ ಹಡಗಿನಲ್ಲಿ ಲಂಡನ್ನಿನವರೆಗೂ ಹೋದರು. ಅಲ್ಲಿ ಇಳಿದ ಮೇಲೆ ಎಷ್ಟೋ ಒಡೆಯರು ಹಿಂದಿರುಗುವ ಟಿಕೀಟು ಕೊಡದೆ ಬೀದಿಪಾಲು ಮಾಡಿದರು. ಹೀಗೆ ಬಿದ್ದವರಿಗಾಗಿ ಲಂಡನ್ನಿನಲ್ಲಿ ‘ಆಯಾಗಳ ಮನೆ’ ಎಂಬ ಒಂದು ಆಸರೆ ಇತ್ತು. 1900ರಿಂದ ಅದನ್ನು ಲಂಡನ್ ಸಿಟಿ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಹ್ಯಾಕ್ನಿ ಎಂಬಲ್ಲಿ ನಡೆಸಿತು. ಹೊಸ ಒಡೆಯರು ಸಿಕ್ಕುವ ತನಕ ಅಲ್ಲಿರಬೇಕು. ಆಮೇಲೆ ಇನ್ಯಾರದೋ ಮಗುವನ್ನು ಎತ್ತಿಕೊಂಡು ಮತ್ತೆ ಹಡಗು. ಆ ಕಟ್ಟಡದ ಮೇಲೆ ನೆನಪಿನ ನೀಲಿ ಫಲಕ ಬಂದದ್ದು 2022ರಲ್ಲಿ. ಫಲಕ ಮನೆಗೆ ಬಂತು. ಆ ಮನೆಯಲ್ಲಿ ಉಳಿದು ಹೋದವರ ಮಕ್ಕಳು ಈ ಕಡೆ ಎಷ್ಟು ವರ್ಷ ದಾರಿ ಕಾದರು ಎಂದು ಯಾವ ಫಲಕ ಹೇಳಬೇಕು?

ಮುಂದೆ ಮಿಷನರಿ ಮಕ್ಕಳು ಸಮುದ್ರ ದಾಟುವ ಅಗತ್ಯ ಕಡಿಮೆಯಾಯಿತು. 1901ರಲ್ಲಿ ಅಮೆರಿಕದ ಮಿಷನರಿಗಳು ಕೊಡೈಕನಾಲಿನಲ್ಲಿ ತಮ್ಮ ಮಕ್ಕಳಿಗೆಂದೇ ವಸತಿಶಾಲೆ ತೆರೆದರು. ಒಂದನೇ ಮಹಾಯುದ್ಧ ಬಂದಾಗ ಬ್ರಿಟಿಷ್ ಸರಕಾರ ಬಾಸೆಲ್ ಮಿಷನ್ನಿನ ಜರ್ಮನ್ನರನ್ನು ಬಂಧಿಸಿ, 1915-16ರಲ್ಲಿ ಗೋಲ್ಕೊಂಡ ಎಂಬ ಹಡಗಿನಲ್ಲಿ ಹೆಂಗಸರು ಮಕ್ಕಳ ಸಮೇತ ಸಾಗಹಾಕಿತು. ಬಂಗಲೆಗಳು ಖಾಲಿಯಾದವು. ಆಯಾಗಳು ಕೇರಿಗೆ ಮರಳಿದರು.

5

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಬಾಸೆಲ್ಲಿನ ಕಮಿಟಿ ಮಿಷನರಿಗಳ ಮಕ್ಕಳನ್ನು ತಾಯಂದಿರಿಂದ ಬಿಡಿಸುವ ಕಟ್ಟಳೆ ಮಾಡಿದ 1853ರಲ್ಲೇ ಅದೇ ಮಿಷನ್ನಿನ ಮೊಗ್ಲಿಂಗ್ ಕೊಡಗಿಗೆ ಹೋದ. ‘ಮಂಗಳೂರು ಸಮಾಚಾರ’ ಪತ್ರಿಕೆ ತೆಗೆದ ಮೊಗ್ಲಿಂಗ್ ಈತನೇ. ಕೊಡಗಿನ ಹೊಲೆಯರು ಆಗ ಜಮ್ಮದ ಆಳುಗಳು. ಕೆಲವರು ಭೂಮಿಯ ಜೊತೆಗೆ ಕೈಬದಲಾಗುವವರು, ಕೆಲವರು ಒಕ್ಕಲಿನ ಸ್ವತ್ತಾಗಿ ಮಾರಾಟವಾಗಬಲ್ಲವರು. 1843ರ ಕಾಯಿದೆ ಗುಲಾಮಗಿರಿಗೆ ಕಂಪನಿ ಸರಕಾರದ ಮಾನ್ಯತೆ ಇಲ್ಲವೆಂದಿತ್ತು. ಗದ್ದೆಗೆ ಆ ಕಾಯಿದೆ ಮುಟ್ಟಿರಲಿಲ್ಲ. ಆಳಿನ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದ್ದು ಹುಟ್ಟಿನಿಂದಲೇ ಆಳು. ಮೊಲೆ ಕುಡಿಸುವವಳು ಅವ್ವ, ಮಗು ಒಡೆಯನದು.

ಈ ಆಳುಗಳಲ್ಲಿ ಕೆಲವರು ಮೊಗ್ಲಿಂಗನ ಬಾಗಿಲಿಗೆ ಬಂದರು. ಕೆಲ ವರ್ಷಗಳಲ್ಲಿ ಅವರಿಗಾಗಿ ಆನಂದಪುರ ಎಂಬ ಊರು ಎದ್ದಿತು. ಗಂಡ, ಹೆಂಡತಿ, ಮಕ್ಕಳು ಒಂದೇ ಸೂರಿನಡಿ ಇರಬಹುದಾದ ಊರು. ಮತಾಂತರ ಎಂದರೆ ದೇವರನ್ನು ಬದಲಾಯಿಸುವುದು ಎಂದು ಮೇಲ್ಜಾತಿಯ ಚರಿತ್ರೆಕಾರರು ನೂರೈವತ್ತು ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ಆಳಿನ ಹೆಂಗಸಿಗೆ ಅದರ ಅರ್ಥ ಬೇರೆ ಇದ್ದಿರಬೇಕು: ನನ್ನ ಕೂಸು ನನ್ನದು. ಮಿಷನರಿ ತಾಯಿ ಧರ್ಮಕ್ಕಾಗಿ ಮಗುವನ್ನು ಬಿಟ್ಟಳು, ಹೊಲೆಯರ ತಾಯಿ ಮಗುವಿಗಾಗಿ ಧರ್ಮ ಬಿಟ್ಟಳು. ಒಂದೇ ಮಿಷನ್, ಒಂದೇ ದಶಕ. ಮೊದಲನೆಯದನ್ನು ತ್ಯಾಗ ಎಂದರು. ಎರಡನೆಯದನ್ನು ಆಸೆಬುರುಕತನ ಎಂದು ಇವತ್ತಿಗೂ ಅನ್ನುತ್ತಾರೆ.

ನಮ್ಮ ನಿಜಾಮ ಸೀಮೆಯ ಕಥೆ ಬೇರೆಯಲ್ಲ. ಇಲ್ಲಿ ಸಾಲಕ್ಕೆ ದುಡಿಯುವ ಜೀತಕ್ಕೆ ಭಗೇಲಾ ಎಂಬ ಹೆಸರಿತ್ತು. ಅಪ್ಪನ ಸಾಲ ಮಗನ ಹೆಗಲಿಗೆ ಬೀಳುತ್ತಿತ್ತು. ಹಲ್ಲು ಬೀಳುವ ವಯಸ್ಸಿನ ಹುಡುಗ ಸಾಹುಕಾರನ ದನದ ಹಿಂದೆ ಹೋಗುತ್ತಿದ್ದ. ಅದನ್ನು ಹದ್ದಿನಲ್ಲಿಡಲು 1936ರಲ್ಲಿ ನಿಜಾಮ ಸರಕಾರ ಒಂದು ನಿಯಮ ಮಾಡಿತು. ಇಡೀ ದೇಶಕ್ಕೆ ಜೀತ ನಿರ್ಮೂಲನ ಕಾಯಿದೆ ಬಂದದ್ದು 1976ರಲ್ಲಿ. ಬಾಸೆಲ್ಲಿನ ಕಮಿಟಿ ಆರು ವರ್ಷಕ್ಕೆ ಮಗುವನ್ನು ಕೇಳುತ್ತಿತ್ತು. ನಮ್ಮ ಸಾಹುಕಾರನೂ ಹೆಚ್ಚು ಕಡಿಮೆ ಅದೇ ವಯಸ್ಸಿಗೆ ಕೇಳುತ್ತಿದ್ದ. ಅಲ್ಲಿ ಮಗು ಶಾಲೆಗೆ ಹೋಯಿತು, ಇಲ್ಲಿ ಕೊಟ್ಟಿಗೆಗೆ.

1876-78ರ ದೊಡ್ಡ ಬರದಲ್ಲಿ ಬಳ್ಳಾರಿ, ಧಾರವಾಡ, ಕಲಾದಗಿ, ರಾಯಚೂರಿನ ಸೀಮೆ ಬೆಂದುಹೋಯಿತು. ಮಿಷನ್ನುಗಳು ತಬ್ಬಲಿ ಮಕ್ಕಳನ್ನು ಎತ್ತಿಕೊಂಡವು. ಮುಂದೆ ಬೋರ್ಡಿಂಗ್ ಶಾಲೆಗಳು ಬಂದವು. ಕೇರಿಯ ಹುಡುಗರಿಗೆ ಊರಿನ ಶಾಲೆಯ ಕಟ್ಟೆ ಹತ್ತಲು ಬಿಡದ ಕಾಲದಲ್ಲಿ ಅಕ್ಷರ ಕೊಟ್ಟವು. ಈ ಋಣವನ್ನು ಅಲ್ಲಗಳೆಯುವವನು ಕೃತಘ್ನ. ಆದರೆ ಅಲ್ಲೂ ಅದೇ ಕಮಿಟಿಯ ತರ್ಕ ಕೆಲಸ ಮಾಡಿತು. ಆಯಾಳಿಂದ ತನ್ನ ಮಗು ಕೆಡುತ್ತದೆಂದ ಮಿಷನರಿ, ಕೇರಿಯ ಮಗು ತನ್ನ ಅಜ್ಜಿಯಿಂದ ಕೆಡುತ್ತದೆಂದ. ಅಜ್ಜಿಯ ಮಾರೆಮ್ಮ, ಅಜ್ಜಿಯ ಹಾಡು, ಅಜ್ಜಿಯ ಬೇರು ನಾರಿನ ಮದ್ದು ಎಲ್ಲವೂ ಅಂಧಕಾರ. ಅಕ್ಷರ ಕೊಟ್ಟ ಕೈಯೇ ಅಜ್ಜಿಯ ಬಗ್ಗೆ ನಾಚಿಕೆಯನ್ನೂ ಕೊಟ್ಟಿತು. ಮಿಷನ್ ಹೋದ ಮೇಲೆ ನಮ್ಮ ಸರಕಾರಿ ಹಾಸ್ಟೆಲುಗಳು, ನಮ್ಮ ಪಠ್ಯಪುಸ್ತಕಗಳು ಆ ನಾಚಿಕೆಯನ್ನು ಕಳೆದವೇ? ಮೇಷ್ಟ್ರುಗಳು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಮಾತು ಇದು.

ಸಾಕಿದವಳ ಹೆಸರು ಬರೆದಿಟ್ಟವರೂ ಇದ್ದಾರೆ. ಅಮೆರಿಕದ ಫ್ರೆಡರಿಕ್ ಡಗ್ಲಾಸ್ ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದವನು. ಕೂಸಿದ್ದಾಗಲೇ ಅವನ ತಾಯಿಯನ್ನು ಒಡೆಯ ಬೇರೆ ಹೊಲಕ್ಕೆ ದುಡಿಯಲು ಕಳಿಸಿದ. ಅವಳು ಹಗಲೆಲ್ಲ ದುಡಿದು, ರಾತ್ರಿ ಮೈಲಿಗಟ್ಟಲೆ ನಡೆದು ಬಂದು, ಮಗನ ಪಕ್ಕ ಮಲಗಿ, ಬೆಳಕು ಹರಿಯುವ ಮೊದಲು ಹೋಗುತ್ತಿದ್ದಳು. ಅವನನ್ನು ಸಾಕಿದವಳು ಅಜ್ಜಿ. ಆರೇಳು ವರ್ಷಕ್ಕೆ ಆ ಅಜ್ಜಿಯ ಕೈಯಿಂದಲೇ ಅವನನ್ನು ಒಡೆಯನ ಮನೆಗೆ ಕರೆಸಿಕೊಂಡರು. ಗುಲಾಮನಾಗಿದ್ದಾಗಲೇ ಅಕ್ಷರ ಕಲಿತು, ತಪ್ಪಿಸಿಕೊಂಡು ಬಂದು, 1845ರಲ್ಲಿ ತನ್ನ ಆತ್ಮಕಥೆ ಬರೆದ ಡಗ್ಲಾಸ್ ಅಜ್ಜಿಯ ಹೆಸರನ್ನು ಬರೆದ: ಬೆಟ್ಸಿ ಬೇಯ್ಲಿ. ನಮ್ಮ ಬಾಬಾಸಾಹೇಬರು ಎಳವೆಯಲ್ಲೇ ತಾಯಿ ಭೀಮಾಬಾಯಿಯನ್ನು ಕಳೆದುಕೊಂಡರು. ಅವರನ್ನು ನೋಡಿಕೊಂಡವಳು ಅಪ್ಪನ ಸೋದರಿ ಮೀರಾಬಾಯಿ. ಭೀಮಾಬಾಯಿಯ ಹೆಸರು ಹೇಳುವ ನಮ್ಮ ಸಭೆಗಳಲ್ಲಿ ಮೀರಾಬಾಯಿಯ ಹೆಸರನ್ನು ಎಷ್ಟು ಮಂದಿ ಹೇಳುತ್ತಾರೆ?

6

ಈಗ ರಾಯಚೂರಿಗೆ ಮರಳೋಣ.

ದೇವದುರ್ಗ, ಮಾನ್ವಿ ಎರಡನ್ನೂ 2002ರ ನಂಜುಂಡಪ್ಪ ಸಮಿತಿಯ ವರದಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ಒಂದರ ಪಕ್ಕ ಕೃಷ್ಣೆ, ಇನ್ನೊಂದರ ಪಕ್ಕ ತುಂಗಭದ್ರೆ. ನೀರಿಗೇನೂ ಬರವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿಯ ಕೊನೆಯ ಭಾಗಕ್ಕೆ ಬರುವ ಹೊತ್ತಿಗೆ ಮೇಲಿನವರು ಕುಡಿದು ಮುಗಿಸಿರುತ್ತಾರೆ. ಕೇರಿಯವನಿಗೆ ಹೊಲವೇ ಇಲ್ಲದ ಮೇಲೆ ನೀರು ಬಂದರೂ ಯಾರ ಹೊಲಕ್ಕೆ? ಸುಗ್ಗಿ ಮುಗಿದ ಮೇಲೆ ಕೂಲಿ ಇಲ್ಲ. ಬೆಂಗಳೂರು, ಪುಣೆ, ಮುಂಬಯಿ, ಗೋವಾದ ಕಟ್ಟಡಗಳಿಗೆ ಮೇಸ್ತ್ರಿ ಮುಂಗಡ ಕೊಟ್ಟು ಕರೆದೊಯ್ಯುತ್ತಾನೆ. ಗಂಡ ಹೆಂಡತಿ ಜೋಡಿಗೆ ಇಷ್ಟು ಎಂದು ಲೆಕ್ಕ. ಕೂಸು ಅದರಲ್ಲಿ ಬರುವುದಿಲ್ಲ. ಮೊಲೆಗೂಸಾದರೆ ಸಿಮೆಂಟಿನ ಧೂಳಿನಲ್ಲಿ ಸೀರೆಯ ಜೋಲಿ. ನಡೆದಾಡುವ ಮಕ್ಕಳಾದರೆ ಊರಲ್ಲಿ ಆಯಿ ಮುತ್ಯಾನ ಹತ್ತಿರ.

ಈ ತಾಲ್ಲೂಕುಗಳ ಯಾವ ಶಾಲೆಗೆ ಹೋಗಿ ಕೇಳಿದರೂ ಉತ್ತರ ಒಂದೇ ನಮೂನೆ. “ಅವ್ವ ಅಪ್ಪ ಗುಳೇ ಹೋಗ್ಯಾರ್ರೀ ಸರ್. ನಾನು ನಮ್ಮ ಆಯಿ ಕೂಡ ಇರ್ತೀನ್ರಿ.” ಪಾಲಕರ ಸಭೆಗೆ ಕೋಲೂರಿಕೊಂಡು ಬರುವವಳು ಆಯಿ. ಜ್ವರ ಬಂದರೆ ದವಾಖಾನೆಗೆ ಒಯ್ಯುವವಳು ಆಯಿ. ಬೆಳಗಿನ ರೊಟ್ಟಿ ಬಡಿದು, ಪುಂಡಿಪಲ್ಯ ಕಟ್ಟಿಕೊಟ್ಟು, ತಾನು ಹತ್ತಿ ಬಿಡಿಸಲು ಹೋಗುವವಳು ಆಯಿ. ದುಡಿಯುವ ವಯಸ್ಸಿನಲ್ಲಿ ಅವಳೂ ಗುಳೆ ಹೋಗಿದ್ದಳು, ಅವಳ ಮಕ್ಕಳನ್ನು ಅವಳ ತಾಯಿ ಸಾಕಿದ್ದಳು. ಜ್ಯೂಲಿ, ಮರೀಯರ ಕಥೆ ನಮ್ಮಲ್ಲಿ ಒಂದು ಮನೆತನದ್ದಲ್ಲ, ಕೇರಿಕೇರಿಯದ್ದು. ಹೋಗುವ ತಾಯಿಗೆ ತ್ಯಾಗಮಯಿ ಎಂಬ ಬಿರುದಿಲ್ಲ. ಮಕ್ಕಳನ್ನು ಬಿಟ್ಟು ಹೋದವಳು, ಬೇಜವಾಬ್ದಾರಿ ಎಂದು ನಮ್ಮ ಸಿಬ್ಬಂದಿ ಕೋಣೆಗಳಲ್ಲೇ ಆಡಿಕೊಳ್ಳುವವರಿದ್ದಾರೆ. ಬಾಸೆಲ್ಲಿನ ಕಮಿಟಿಗೆ ಕಟ್ಟಡ, ವಿಳಾಸ, ಕಡತ ಇದ್ದವು. ಅದರ ತಪ್ಪನ್ನು ತೋರಿಸಬಹುದಿತ್ತು. ನಮ್ಮ ತಾಯಂದಿರನ್ನು ಮಕ್ಕಳಿಂದ ಬಿಡಿಸುವ ಕಮಿಟಿಯ ಸದಸ್ಯರು ಚದುರಿಕೊಂಡಿದ್ದಾರೆ: ಭೂಮಿ ಹಂಚದ ಪ್ರಭುತ್ವ, ಕೂಲಿ ಕೊಡದ ಜಮೀನ್ದಾರ, ಮುಂಗಡ ಕೊಟ್ಟ ಮೇಸ್ತ್ರಿ, ಮುಂಗಡವಿಲ್ಲದೆ ಮಗಳ ಮದುವೆ ಮಾಡಲಾಗದ ಬಡತನ.

ದೇವದಾಸಿ ಪದ್ಧತಿಗೆ ಬಲಿಯಾದವರ ಮನೆಗಳಲ್ಲಿ ಅಜ್ಜಿಯ ಜಾಗ ಇನ್ನೂ ದೊಡ್ಡದು. ಅಲ್ಲಿ ಅಪ್ಪನಿಗೆ ಹೆಸರಿಲ್ಲ, ಹೊಣೆ ಇಲ್ಲ. ಮನೆ ನಡೆಯುವುದು ಹೆಣ್ಣಿನಿಂದ ಹೆಣ್ಣಿಗೆ. ಈ ಪದ್ಧತಿಗೆ ಬಲಿಯಾಗುವವರಲ್ಲಿ ಬಹುಪಾಲು ನಮ್ಮ ಕೇರಿಯ ಹೆಣ್ಣುಮಕ್ಕಳು. 1982ರಲ್ಲಿ ಕರ್ನಾಟಕ ಇದನ್ನು ನಿಷೇಧಿಸುವ ಕಾಯಿದೆ ಮಾಡಿತು. ಆದರೂ ಶಾಲೆಯ ದಾಖಲಾತಿ ಪುಸ್ತಕ ತಂದೆಯ ಹೆಸರು ಕೇಳುವುದನ್ನು ಬಿಡಲಿಲ್ಲ. ಆ ಖಾಲಿ ಅಂಕಣದ ಮುಂದೆ ಎಷ್ಟು ಮಕ್ಕಳು ತಲೆ ತಗ್ಗಿಸಿದರೋ. ತಂದೆಯ ಹೆಸರು ಹೇಳಲೇಬೇಕೆಂಬ ಬಲವಂತವನ್ನು ತೆಗೆಯುವ ಮಸೂದೆಯನ್ನು ವಿಧಾನಮಂಡಲ ಒಪ್ಪಿದ್ದು 2025ರಲ್ಲಿ. ನಲವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ತಂದೆಯ ಅಂಕಣದ ಪ್ರಶ್ನೆ ಹೀಗೆ ಬಗೆಹರಿಯುತ್ತಿದೆ ಎನ್ನೋಣ. ಸಾಕಿದವಳಿಗೆ ಯಾವ ಅಂಕಣ?

7

ಕೆಲಸ ಹಳ್ಳಿಯ ಶಾಲೆಯಿಂದಲೇ ಶುರುವಾಗಬೇಕು. ಮಿಷನರಿ ತಾಯಿಯ ನೋವು ದೊಡ್ಡದು, ನಮ್ಮ ಆಯಿಯ ನೋವು ಸಣ್ಣದು ಎಂದೇನೂ ಅಲ್ಲ. ಅವಳಿಗೆ ಬರೆಯಲು ಬರುತ್ತಿತ್ತು. ಬರೆದದ್ದನ್ನು ಕಾಪಾಡುವ ಕಪಾಟು ಬಾಸೆಲ್ಲಿನಲ್ಲಿತ್ತು. ಇವತ್ತಿಗೂ ಇದೆ. ನಮ್ಮ ಆಯಿಗೆ ಬರೆಯಲು ಬಾರದು. ಆದರೆ ಅವಳ ಮೊಮ್ಮಗಳಿಗೆ ಬರುತ್ತದೆ.

ಶಿಕ್ಷಕ ಗೆಳೆಯರು ಒಂದು ನೂರು ಹಾಳೆಯ ನೋಟುಬುಕ್ಕು ತೆಗೆದಿಡಲಿ. ಮಗುವಿನ ಹೆಸರಿನ ಪಕ್ಕ ಅದನ್ನು ಈಗ ಸಾಕುತ್ತಿರುವವಳ ಹೆಸರು ಬರೆಯಲಿ. ಅವಳು ಹುಟ್ಟಿದ ಊರು ಯಾವುದು, ಯಾರ ಹೊಲದಲ್ಲಿ ದುಡಿದಳು, ಎಷ್ಟು ಹೆತ್ತಳು, ಎಷ್ಟು ಉಳಿದವು, ಯಾರ್ಯಾರ ಮಕ್ಕಳನ್ನು ಸಾಕಿದಳು ಎಂದು ಐದನೇ ಆರನೇ ಇಯತ್ತೆಯ ಮಕ್ಕಳಿಂದಲೇ ಕೇಳಿಸಿ ಬರೆಸಲಿ. ಅಪ್ಪ ಅವ್ವ ಯಾವ ತಿಂಗಳು ಹೋದರು, ಯಾವ ಊರಿಗೆ, ಎಷ್ಟು ಮುಂಗಡಕ್ಕೆ ಎಂಬುದೂ ಬರಲಿ. ಹಳೆಯ ಮಿಷನ್ ಆಸ್ಪತ್ರೆ, ಬೋರ್ಡಿಂಗುಗಳಲ್ಲಿ ಆಯಾಗಳಾಗಿ, ಅಡುಗೆಯವರಾಗಿ ದುಡಿದ ಮುದುಕಿಯರು ರಾಯಚೂರಿನ ಸುತ್ತ ಇನ್ನೂ ಇದ್ದರೆ ವಿದ್ಯಾರ್ಥಿ ಗೆಳೆಯರು ಅವರ ಹತ್ತಿರ ಕೂತು ಕೇಳಲಿ. ಇವು ಕಥೆಗಳಲ್ಲ, ದಾಖಲೆಗಳು. ನಾಳೆ ಊರಲ್ಲೇ ಕೂಲಿ ಕೇಳುವಾಗ, ಭೂಮಿ ಕೇಳುವಾಗ, ಗುಳೆ ಹೋದವರ ಮಕ್ಕಳಿಗೆ ವಸತಿ ಶಾಲೆ ಕೇಳುವಾಗ, ಮಕ್ಕಳನ್ನು ಸಾಕುವ ಮುದುಕಿಯರ ಪಿಂಚಣಿ ಹೆಚ್ಚಿಸಿ ಎಂದು ತಹಸೀಲ್ದಾರರ ಮುಂದೆ ನಿಲ್ಲುವಾಗ ಕೈಯಲ್ಲಿ ಹಿಡಿಯಬೇಕಾದ ಕಾಗದ ಇದೇ.

ದೀಪಾವಳಿ ಕಳೆದರೆ ರೈಲುಗಳು ಮತ್ತೆ ತುಂಬುತ್ತವೆ. ಅಷ್ಟರೊಳಗೆ ಒಂದು ಶಾಲೆಯಲ್ಲಾದರೂ ಆ ನೋಟುಬುಕ್ಕು ಶುರುವಾಗಲಿ. ಮೊದಲ ಪುಟದ ಮೊದಲ ಸಾಲಿನಲ್ಲಿ ಒಬ್ಬ ಆಯಿಯ ಪೂರ್ತಿ ಹೆಸರಿರಲಿ.